ಐದನೇ ಗುಬ್ಬಿಯ ರೇಟು ಎಷ್ಟು?

ನಮಸ್ಕಾರ. ಹೋದ ವಾರ ಟರ್ಮ್ ಇನ್ಶೂರೆನ್ಸ್ ಫಾರಂ ತುಂಬ್ತಾ ಕೂತಿದ್ದೆ. ವಯಸ್ಸು ಕೇಳ್ತು, ಸಂಬಳ ಕೇಳ್ತು, ಸಿಗರೇಟ್ ಸೇದ್ತೀರಾ ಅಂತ ಕೇಳ್ತು, ಕೊನೆಗೆ ಒಂದು ಮೊತ್ತ ತೋರಿಸ್ತು. ನಾನು ಹೋದ್ರೆ ನನ್ನ ರೇಟು ಇಷ್ಟು! ನಮ್ಮ ಎಡಿಟರ್ ಇಣುಕಿ ನೋಡಿ, "ಸ್ವಲ್ಪ ಜಾಸ್ತೀನೇ ಹಾಕಿದ್ದಾರೆ ಸಾರ್" ಅಂದ.

ಅವತ್ತಿಂದ ತಲೆಗೆ ಹುಳ ಹೊಕ್ಕಿದೆ. ಸಂಬಳ ನೋಡದೆ ಮನುಷ್ಯನಿಗೆ ಬೆಲೆ ಕಟ್ಟೋದು ಹೇಗೆ? ಇದಕ್ಕೆ ಕ್ರೈಸ್ತರ ಉತ್ತರ ಏನು ಅಂತ ಇವತ್ತು ನೋಡೋಣ.

ಬೇಸಿಕ್ಸ್ ಫಟಾಫಟ್ ಮುಗಿಸ್ತೀನಿ. ಬೈಬಲ್ಲಿನ ಆದಿಕಾಂಡ, 1ನೇ ಅಧ್ಯಾಯ, 27ನೇ ವಚನ: ದೇವರು ಮನುಷ್ಯರನ್ನ, ಗಂಡನ್ನೂ ಹೆಣ್ಣನ್ನೂ, ತನ್ನ ಸ್ವರೂಪದಲ್ಲೇ ಸೃಷ್ಟಿ ಮಾಡಿದ. ಇದು ಯೆಹೂದ್ಯರ ಗ್ರಂಥದಿಂದ ಕ್ರೈಸ್ತರಿಗೆ ಬಂದ ಮಾತು. ಆಯ್ತಾ? ಈಗ ಗುಬ್ಬಿಗೆ ಬರೋಣ. ನಾನು ಈ ವಿಡಿಯೋ ಮಾಡ್ತಿರೋದೇ ಗುಬ್ಬಿಗೋಸ್ಕರ.

ಮತ್ತಾಯನ ಸುವಾರ್ತೆ 10ನೇ ಅಧ್ಯಾಯದಲ್ಲಿ ಯೇಸು ಕೇಳ್ತಾರೆ: ಒಂದು ಕಾಸಿಗೆ ಎರಡು ಗುಬ್ಬಿ ಮಾರೋದಿಲ್ವಾ? ಲೂಕನ ಸುವಾರ್ತೆ 12ರಲ್ಲೂ ಅದೇ ಮಾತಿದೆ, ಆದ್ರೆ ಎರಡು ಕಾಸಿಗೆ ಐದು ಗುಬ್ಬಿ! ತಡೀರಿ. ಎರಡು ಕಾಸಿಗೆ ನಾಲ್ಕು ತಾನೇ ಬರಬೇಕು? ಐದನೇದು ಎಲ್ಲಿಂದ ಹಾರಿ ಬಂತು?

ಸೊಪ್ಪು ತಗೊಂಡು ದುಡ್ಡು ಕೊಟ್ಟ ಮೇಲೂ ನಮ್ಮಮ್ಮ ಬುಟ್ಟಿ ಬಿಟ್ಟು ಏಳೋದಿಲ್ಲ. "ಒಂಚೂರು ಕೊಸರು ಹಾಕಮ್ಮ" ಅಂತಾರೆ. ಸೊಪ್ಪಿನಮ್ಮ ಗೊಣಗ್ತಾ ನಾಲ್ಕೆಳೆ ಕೊತ್ತಂಬರಿ ಎಸೀತಾಳೆ. ಐದನೇ ಗುಬ್ಬಿ ಅಂದ್ರೆ ಆ ಕೊಸರು!

ಪುಕ್ಕಟೆ ಅಂತ ಬೈಬಲ್ ಬಾಯಿಬಿಟ್ಟು ಹೇಳಿಲ್ಲ, ಎರಡೂ ಲೆಕ್ಕ ಪಕ್ಕಪಕ್ಕ ಇಟ್ರೆ ಹಾಗೆ ಬರುತ್ತೆ. ಆ ಕಾಸಿನ ಹೆಸರು ಅಸ್ಸಾರಿಯನ್. ಅಂಥ 16 ಸೇರಿದ್ರೆ ಒಂದು ದಿನದ ಕೂಲಿ. ಈಗಿನ ಕೂಲಿ 800 ಅಂತ ಇಟ್ಕೊಳ್ಳಿ, ಜೋಡಿ ಗುಬ್ಬಿ 50 ರೂಪಾಯಿ. ಸಾಕೋಕಲ್ಲ, ತಿನ್ನೋಕೆ. ಬಡವರ ಮಾಂಸ ಅದು. 100 ರೂಪಾಯಿ ಕೊಟ್ರೆ ಮೇಲೊಂದು ಕೊಸರು. ಯೇಸು ಹೇಳೋದು, ಅವುಗಳಲ್ಲಿ ಒಂದನ್ನೂ ದೇವರು ಮರೆತಿಲ್ಲ, ನೀವು ಎಷ್ಟೋ ಗುಬ್ಬಿಗಳಿಗಿಂತ ಹೆಚ್ಚಿನವರು.

ಈ 'ಮರೆಯೋದು' ಅನ್ನೋ ಪದ ಹಿಡ್ಕೊಳ್ಳಿ.

[ಸ್ಕ್ರೀನ್ ಮೇಲೆ: ಪಪೈರಸ್ ತುಣುಕು]

ಕ್ರಿ.ಪೂ. 1ನೇ ಇಸವಿ, ಈಜಿಪ್ಟ್. ಅಲೆಕ್ಸಾಂಡ್ರಿಯಾಕ್ಕೆ ದುಡಿಯೋಕೆ ಹೋದ ಹಿಲಾರಿಯನ್ ಅನ್ನೋನು ಊರಲ್ಲಿರೋ ಹೆಂಡತಿ ಅಲಿಸ್‌ಗೆ ಕಾಗದ ಬರೀತಾನೆ. ಮಗುವನ್ನ ಚೆನ್ನಾಗಿ ನೋಡ್ಕೋ, ಸಂಬಳ ಬಂದ ಕೂಡ್ಲೇ ಕಳಿಸ್ತೀನಿ. ಹೆರಿಗೆ ಆದಾಗ ಗಂಡಾದ್ರೆ ಇಟ್ಕೋ, ಹೆಣ್ಣಾದ್ರೆ ಹೊರಗೆ ಬಿಸಾಕು. ಅದರ ಹಿಂದೆಯೇ: ನನ್ನ ಮರೀಬೇಡ ಅಂತ ಹೇಳಿಕಳಿಸಿದ್ದೀಯ, ನಿನ್ನ ಹೇಗೆ ಮರೆಯಲಿ?

ಇವನು ರಾಕ್ಷಸ ಅಲ್ಲ ಕಣ್ರೀ, ಹೆಂಡತಿ ಮೇಲೆ ಪ್ರಾಣ ಇಟ್ಕೊಂಡ ಸಾಮಾನ್ಯ ಮನುಷ್ಯ. ನನಗೆ ಮೈ ಜುಂ ಅಂದಿದ್ದು ಅದಕ್ಕೇ. ಬೇಡದ ಕೂಸನ್ನ ಹೊರಗೆ ಹಾಕೋದು ಅಲ್ಲಿ ಮಾಮೂಲಿ. ಯೆಹೂದ್ಯರು ಹಾಗೆ ಮಾಡಬಾರದು ಅಂತಿದ್ರು, ಆರಂಭದ ಕ್ರೈಸ್ತರೂ ಅದೇ ದಾರಿ ಹಿಡಿದ್ರು. ಹುಟ್ಟಿದ ಕೂಸನ್ನ ಕೊಲ್ಲಬೇಡ ಅಂತ ಅವರ ಹಳೇ ಬೋಧನೆಯ ಕೈಪಿಡಿ ಡಿಡಖೆಯಲ್ಲಿ ನೇರವಾಗಿ ಬರೆದಿದೆ.

ಅಯ್ಯೋ, ಟೈಮ್ ಮೀರ್ತಿದೆ, ಗುಬ್ಬಿಯೇ ಎಲ್ಲ ತಿಂದ್ಬಿಡ್ತು. ಉಳಿದದ್ದು ಓಡ್ತಾ ಓಡ್ತಾ. 4ನೇ ಶತಮಾನದಲ್ಲಿ, ಇವತ್ತಿನ ಟರ್ಕಿಯಲ್ಲಿ, ನೀಸಾದ ಬಿಷಪ್ ಗ್ರೆಗರಿ ಗುಲಾಮರನ್ನ ಕೊಳ್ಳೋರಿಗೆ ಕೇಳಿದ್ದು: ದೇವರ ಸ್ವರೂಪಕ್ಕೆ ಎಷ್ಟು ಕಾಸು ಎಣಿಸಿದೆ? ಒಳ್ಳೇ ಏಟು. ಆದ್ರೆ ಆಮೇಲೂ ಸಾವಿರಕ್ಕೂ ಹೆಚ್ಚು ವರ್ಷ, ಬೈಬಲ್ ಕೈಲಿ ಹಿಡ್ಕೊಂಡೇ ಮನುಷ್ಯರನ್ನ ಮಾರಿದ ಕ್ರೈಸ್ತರಿದ್ರು. ಅದನ್ನ ಮುಚ್ಚಿಡೋಕಾಗಲ್ಲ. ಗಲ್ಲುಶಿಕ್ಷೆ ಒಪ್ಪೋಕಾಗದು ಅಂತ ಕ್ಯಾಥೊಲಿಕ್ ಚರ್ಚು ತನ್ನ ಬೋಧನೆ ತಿದ್ದಿಕೊಂಡಿದ್ದು 2018ರಲ್ಲಿ. ಗರ್ಭಪಾತದ ವಾದಕ್ಕೆ ಬೇರೆ ವಿಡಿಯೋನೇ ಬೇಕು.

ಇನ್ನೊಂದೇ ಒಂದು. ಇಟಲಿಯ ಫ್ಲಾರೆನ್ಸ್, 1445, ಫೆಬ್ರವರಿ 5. ಬಿಟ್ಟುಹೋದ ಕೂಸುಗಳಿಗಂತ ಕಟ್ಟಿದ ಇನೊಚೆಂಟಿ ಆಸ್ಪತ್ರೆಗೆ ಮೊದಲ ಮಗು ಬಂತು. ಹೆಣ್ಣು. ಅವತ್ತು ಸಂತ ಅಗಾತಳ ಹಬ್ಬ, ಅದೇ ಹೆಸರಿಟ್ರು. ಅಲ್ಲಿಗೆ ಬಂದ ಕೂಸುಗಳೆಲ್ಲ ಉಳೀಲಿಲ್ಲ, ತುಂಬಾ ಸತ್ತವು. ಮುಂದೆ ಎಂದಾದ್ರೂ ಬಂದು ಕರ್ಕೊಂಡು ಹೋಗೋ ಆಸೆಗೆ ಕೆಲವು ತಾಯಂದಿರು ಪದಕವನ್ನ ಎರಡು ಹೋಳು ಮಾಡಿ, ಅರ್ಧ ಕೂಸಿನ ಜೊತೆ ಬಿಟ್ಟು, ಇನ್ನರ್ಧ ತಾವಿಟ್ಕೊಳ್ತಿದ್ರು. ಅಲ್ಲಿನ ಮ್ಯೂಸಿಯಂನಲ್ಲಿ ಇವತ್ತಿಗೂ ಪುಟ್ಟ ಪುಟ್ಟ ಡ್ರಾಯರ್ ಎಳೆದ್ರೆ ಕೂಸಿನ ಪಾಲಿನ ಆ ಅರ್ಧಗಳು ಕಾಣ್ತವೆ.

[ಸ್ಕ್ರೀನ್ ಮೇಲೆ: ಅರ್ಧ ಪದಕ. ಮ್ಯೂಸಿಕ್ ಬೇಡ.]