ಅಮಿಲಾಯ್ಡ್ ಹುಟ್ಟುವ ಜಾಗ

ಆಕಾಶವಾಣಿ ಮಂಗಳೂರು ಕೇಂದ್ರದ ಕೇಳುಗರಿಗೆ ನಮಸ್ಕಾರ.

"ಅಜ್ಜನಿಗೆ ಪ್ರಾಯ ಆಯಿತಲ್ಲ, ಮರೆವು ಇದ್ದದ್ದೇ" ಎಂದು ನಮ್ಮ ಕಡೆಯ ಮನೆಗಳಲ್ಲಿ ಈಗಲೂ ಹೇಳುತ್ತಾರೆ. ಆಲ್ಝೈಮರ್ ಕಾಯಿಲೆ ಬರೀ ಪ್ರಾಯದ ಮರೆವಲ್ಲ. ಈ ಕಾಯಿಲೆಯಲ್ಲಿ ನರಕೋಶಗಳ ಒಳಗೆ ಟಾವ್ ಎಂಬ ಪ್ರೋಟೀನ್ ಗಂಟುಗಟ್ಟುತ್ತದೆ, ಹೊರಗೆ ಅಮಿಲಾಯ್ಡ್ ಬೀಟಾ ಎಂಬ ಸಣ್ಣ ತುಣುಕು ಹೆಪ್ಪುಗಟ್ಟುತ್ತದೆ. ಟಾವ್ ವಿಷಯ ಇವತ್ತು ಬೇಡ. ಅಮಿಲಾಯ್ಡ್ ಎಲ್ಲಿ, ಹೇಗೆ ತಯಾರಾಗುತ್ತದೆ ಎಂಬುದನ್ನಷ್ಟೇ ನೋಡೋಣ.

ಇದರ ಮೂಲವಸ್ತು ಎಪಿಪಿ ಎಂಬ ಉದ್ದನೆಯ ಪ್ರೋಟೀನ್. ನರಕೋಶಗಳಲ್ಲಿ ಹೆಚ್ಚಾಗಿ ಸಿಗುವ ರೂಪದಲ್ಲಿ 695 ಅಮೈನೋ ಆಮ್ಲಗಳಿವೆ. ಇದರ ಜೀನ್ ಇರುವುದು 21ನೇ ವರ್ಣತಂತುವಿನಲ್ಲಿ. ಡೌನ್ ಸಿಂಡ್ರೋಮ್ ಇರುವವರಲ್ಲಿ ಆ ವರ್ಣತಂತು ಮೂರಿರುತ್ತದೆ. ಅವರ ಮಿದುಳಿನಲ್ಲಿ ಅಮಿಲಾಯ್ಡ್ ಬೇಗನೆ ಸೇರಿಕೊಳ್ಳುವುದಕ್ಕೆ ಇದೇ ಕಾರಣ.

ಎಪಿಪಿ ಕೋಶದ ಹೊರಪೊರೆಯ ಮೇಲೆ ಇದ್ದಾಗ ಆಡಮ್-10 ಎಂಬ ಕಿಣ್ವ ಅದನ್ನು ಕತ್ತರಿಸುತ್ತದೆ. ಕತ್ತರಿಸುವುದು ಅಮಿಲಾಯ್ಡ್ ಭಾಗದ ನಟ್ಟನಡುವೆ, 16 ಮತ್ತು 17ನೇ ಅಮೈನೋ ಆಮ್ಲಗಳ ಮಧ್ಯೆ. ಹಾಗಾದ ಮೇಲೆ ಆ ಅಣುವಿನಿಂದ ಅಮಿಲಾಯ್ಡ್ ಹುಟ್ಟುವ ಮಾತೇ ಇಲ್ಲ. ಅದೇ ಎಪಿಪಿ ಒಳಸರಿದು ಎಂಡೋಸೋಮ್ ಎಂಬ ಪುಟ್ಟ ಚೀಲಕ್ಕೆ ಸೇರಿದರೆ ಕಥೆ ಬೇರೆ. ಚೀಲದೊಳಗೆ ಆಮ್ಲೀಯ ವಾತಾವರಣ, ಬೇಸ್-1 ಎಂಬ ಕಿಣ್ವಕ್ಕೆ ಬೇಕಾದದ್ದೂ ಅದೇ. ಮೊದಲ ಕಡಿತ ಅದರದ್ದು. ಎರಡನೆಯದು ಗಾಮಾ ಸೆಕ್ರಿಟೇಸ್‌ನದ್ದು; ಇದು ನಾಲ್ಕು ಪ್ರೋಟೀನ್‌ಗಳು ಕೂಡಿದ ಕೂಟ. ಹೆಚ್ಚಾಗಿ ಹೊರಬರುವುದು 40 ಅಮೈನೋ ಆಮ್ಲದ ತುಣುಕು. 42ರದ್ದು ಕಡಿಮೆ, ಆದರೆ ಬೇಗ ಒಂದಕ್ಕೊಂದು ಅಂಟಿಕೊಳ್ಳುವುದು ಅದೇ.

ಹಾಗಾಗಿ ಕಿಣ್ವ ಎಷ್ಟಿದೆ ಎನ್ನುವುದಷ್ಟೇ ಅಲ್ಲ, ಎಪಿಪಿ ಮತ್ತು ಬೇಸ್-1 ಒಂದೇ ಚೀಲದಲ್ಲಿ ಎಷ್ಟು ಹೊತ್ತು ಒಟ್ಟಿಗಿರುತ್ತವೆ ಎನ್ನುವುದೂ ಮುಖ್ಯ. ಇವೆರಡನ್ನೂ ತೀರ್ಮಾನಿಸುವುದು ಬೇರೆ ಪ್ರೋಟೀನ್‌ಗಳು. ಸಾರ್ಲ್-ಎ ಎಂಬುದು ಹಂಪನಕಟ್ಟೆಯಲ್ಲಿ ನಿಂತ ಟ್ರಾಫಿಕ್ ಪೊಲೀಸಿನಂತೆ: ರೆಟ್ರೋಮರ್ ಎಂಬ ಪ್ರೋಟೀನ್ ಕೂಟದ ಜೊತೆ ಸೇರಿ ಎಪಿಪಿಯನ್ನು ಎಂಡೋಸೋಮ್‌ನಿಂದ ಹಿಂದಕ್ಕೆ, ಪ್ರೋಟೀನ್‌ಗಳನ್ನು ವಿಂಗಡಿಸುವ ಗಾಲ್ಜಿ ಎಂಬ ಭಾಗದ ಕಡೆಗೆ ತಿರುಗಿಸುತ್ತದೆ. ಸಾರ್ಲ್-ಎ ಜೀನ್ ಕೆಟ್ಟ ಕುಟುಂಬಗಳಲ್ಲಿ ಕಾಯಿಲೆಯ ಅಪಾಯ ಹೆಚ್ಚು. ಜಿಜಿಎ-3 ಎಂಬ ಇನ್ನೊಂದು ಪ್ರೋಟೀನ್ ಬೇಸ್-1ನ್ನು ಕೋಶದ ಕಸ ಕರಗಿಸುವ ಚೀಲವಾದ ಲೈಸೋಸೋಮ್‌ಗೆ ಒಯ್ದು ನಾಶವಾಗುವಂತೆ ನೋಡಿಕೊಳ್ಳುತ್ತದೆ. ರಕ್ತ ಸಿಗದೆ ಕೋಶ ಸಾಯತೊಡಗಿದಾಗ ಕ್ಯಾಸ್ಪೇಸ್ ಎಂಬ ಕಿಣ್ವ ಜಿಜಿಎ-3ನ್ನೇ ತುಂಡರಿಸುತ್ತದೆ, ಬೇಸ್-1 ಉಳಿದುಕೊಂಡು ಏರುತ್ತದೆ. ಪಾರ್ಶ್ವವಾಯುವಿಗೂ ಈ ಕಾಯಿಲೆಗೂ ಇರುವ ನಂಟಿಗೆ ಇದೊಂದು ದಾರಿ ಇರಬಹುದು.

ಎಪಿಪಿಯ ಬಾಲಕ್ಕೂ ಕೆಲವು ಪ್ರೋಟೀನ್‌ಗಳು ಅಂಟುತ್ತವೆ. ಮಿಂಟ್ ಎಂಬುದು ಅಂಟಿದರೆ ಅಮಿಲಾಯ್ಡ್ ಇಳಿಯುತ್ತದೆಂದು ಕೋಶಗಳಲ್ಲೂ ಇಲಿಗಳಲ್ಲೂ ನಡೆದ ಕೆಲವು ಪ್ರಯೋಗಗಳಲ್ಲಿ ಕಂಡಿದೆ. ಎಫ್‌ಇ-65 ಎಂಬುದರ ವಿಷಯದಲ್ಲಿ ಪ್ರಯೋಗದಿಂದ ಪ್ರಯೋಗಕ್ಕೆ ಉತ್ತರ ಬೇರೆ.

ಕಿಣ್ವವನ್ನೇ ಕಟ್ಟಿಹಾಕಿದರೆ ಮುಗಿಯಿತಲ್ಲ? ಔಷಧ ಕಂಪೆನಿಗಳು ಹಾಗೇ ಯೋಚಿಸಿದವು. ಗಾಮಾ ಸೆಕ್ರಿಟೇಸ್ ತಡೆಯುವ ಸೆಮಗಾಸೆಸ್ಟಾಟ್ 2010ರಲ್ಲಿ ನಿಂತಿತು. ಆ ಕಿಣ್ವ ಕತ್ತರಿಸುವುದು ಎಪಿಪಿಯನ್ನಷ್ಟೇ ಅಲ್ಲ, ಕೋಶಗಳಿಗೆ ಅತ್ಯಗತ್ಯವಾದ ನಾಚ್ ಪ್ರೋಟೀನನ್ನೂ. ಔಷಧ ತೆಗೆದುಕೊಂಡವರಲ್ಲಿ ಚರ್ಮದ ಕ್ಯಾನ್ಸರ್ ಹೆಚ್ಚಿತು. ಬೇಸ್-1 ತಡೆಯುವ ವೆರುಬೆಸೆಸ್ಟಾಟ್ ಬೆನ್ನುಹುರಿ ದ್ರವದ ಅಮಿಲಾಯ್ಡನ್ನು ಅರ್ಧಕ್ಕಿಂತ ಕೆಳಗಿಳಿಸಿತು, ನೆನಪು ಸುಧಾರಿಸಲಿಲ್ಲ. ಆರಂಭದ ಹಂತದಲ್ಲಿದ್ದ ರೋಗಿಗಳ ಸ್ಥಿತಿ ಇನ್ನೂ ಹದಗೆಟ್ಟಿತು.

ಇದರ ಪಕ್ಕದಲ್ಲಿ ಐಸ್‌ಲ್ಯಾಂಡ್‌ನ ಕೆಲವರನ್ನು ಇಟ್ಟು ನೋಡಿ. ಅವರ ಎಪಿಪಿಯಲ್ಲಿ, ಬೇಸ್-1 ಕತ್ತರಿಸುವ ಜಾಗದ ಬಳಿ ಒಂದೇ ಒಂದು ಅಮೈನೋ ಆಮ್ಲ ಬೇರೆ. ಕಿಣ್ವ ಹಾಗೇ ಇದೆ, ಕಡಿತ ಮಾತ್ರ ಸರಿಯಾಗಿ ಬೀಳುವುದಿಲ್ಲ. ಪ್ರಯೋಗಾಲಯದ ಕೋಶಗಳಲ್ಲಿ ಅಮಿಲಾಯ್ಡ್ ಸುಮಾರು ಶೇಕಡಾ 40 ಕಡಿಮೆಯಾಯಿತು. ಅವರಿಗೆ ಆಲ್ಝೈಮರ್ ಬರುವುದು ಬಹಳ ಅಪರೂಪ ಎಂದು 2012ರಲ್ಲಿ ಪ್ರಕಟವಾಯಿತು. ರೆಟ್ರೋಮರನ್ನು ಗಟ್ಟಿಮಾಡುವ ಅಣುಗಳ ಹುಡುಕಾಟ ನಡೆದಿರುವುದೂ ಹೀಗೆ ಕಿಣ್ವವನ್ನು ಕಟ್ಟಿಹಾಕದೆ ಕಡಿತವನ್ನಷ್ಟೇ ತಗ್ಗಿಸುವ ಆಸೆಯಿಂದ.

ಅಂಥ ಮಾತ್ರೆ ಇನ್ನೂ ಮೆಡಿಕಲ್ ಶಾಪಿಗೆ ಬಂದಿಲ್ಲ. ಮನೆಯಲ್ಲಿ ಯಾರಿಗಾದರೂ ಹೊಸದಾಗಿ ಮರೆವು ಕಂಡರೆ ವೈದ್ಯರ ಬಳಿ ಹೋಗಿ, ಬಿ-12 ಮತ್ತು ಥೈರಾಯ್ಡ್ ರಕ್ತಪರೀಕ್ಷೆಯ ಬಗ್ಗೆ ಕೇಳಿ. ಅವುಗಳ ಕೊರತೆಯಿಂದ ಬಂದ ಮರೆವಿಗೆ ಚಿಕಿತ್ಸೆ ಇವತ್ತೇ ಇದೆ. ನಮಸ್ಕಾರ.