ಗೆರೆ ಎಳೆಯುವ ಕೈ

ಕೇಳುಗರಿಗೆ ನಮಸ್ಕಾರ. ಚುನಾವಣೆಯ ಲೆಕ್ಕಾಚಾರವನ್ನು ಆಟದ ಮೂಲಕ ಮಕ್ಕಳಿಗೆ ಕಲಿಸುವ ಬಗ್ಗೆ ಈ ಮಾತು.

ಹತ್ತಿರದಲ್ಲಿ ಕಾಗದ, ಪೆನ್ಸಿಲ್ ಇದ್ದರೆ ತೆಗೆದುಕೊಳ್ಳಿ. ಹದಿನೈದು ಚುಕ್ಕಿ ಇಡಿ. ಒಂದೊಂದು ಚುಕ್ಕಿಯೂ ಒಬ್ಬ ಮತದಾರ. ಅವರಲ್ಲಿ 9 ಜನ ಕೆಂಪು ಪಕ್ಷದ ಕಡೆ, 6 ಜನ ನೀಲಿ ಪಕ್ಷದ ಕಡೆ. ಈಗ ಐದೈದು ಜನರ ಮೂರು ಕ್ಷೇತ್ರ ಮಾಡಬೇಕು. ಹೆಚ್ಚು ಸೀಟು ಯಾರಿಗೆ? ಕೆಂಪಿಗೇ ಅಂತೀರಿ, ಅಲ್ವಾ?

ಮೊದಲ ಕ್ಷೇತ್ರಕ್ಕೆ ಐದೂ ಕೆಂಪು ಚುಕ್ಕಿ ಹಾಕಿ. ಉಳಿದದ್ದು ನಾಲ್ಕು ಕೆಂಪು, ಆರು ನೀಲಿ. ಇನ್ನೆರಡು ಕ್ಷೇತ್ರಕ್ಕೂ ಎರಡೆರಡು ಕೆಂಪು, ಮೂರು ಮೂರು ನೀಲಿ ಹಂಚಿ. ನೋಡಿ, ನೀಲಿಗೆ ಎರಡು ಸೀಟು, ಕೆಂಪಿಗೆ ಒಂದೇ. ಒಬ್ಬರೂ ಮನಸ್ಸು ಬದಲಾಯಿಸಲಿಲ್ಲ. ಗೆರೆ ಎಳೆದ ರೀತಿಯೇ ಫಲಿತಾಂಶ ತಿರುಗಿಸಿತು.

ಅಮೆರಿಕದಲ್ಲಿ ಇದಕ್ಕೆ ಜೆರಿಮ್ಯಾಂಡರಿಂಗ್ ಅನ್ನುತ್ತಾರೆ. 1812ರಲ್ಲಿ ಮ್ಯಾಸಚೂಸೆಟ್ಸ್‌ನ ಗವರ್ನರ್ ಎಲ್ಬ್ರಿಡ್ಜ್ ಗೆರಿ ಸಹಿ ಹಾಕಿದ ನಕ್ಷೆಯಲ್ಲಿ ಒಂದು ಕ್ಷೇತ್ರ ಸಾಲಮ್ಯಾಂಡರ್ ಎಂಬ ಪ್ರಾಣಿಯಂತೆ ಸೊಟ್ಟಗೆ ಕಂಡಿತು. ಅವರ ಹೆಸರೂ ಪ್ರಾಣಿಯ ಹೆಸರೂ ಸೇರಿ ಈ ಪದ ಹುಟ್ಟಿತು. ಪಾಠಪುಸ್ತಕದಲ್ಲಿ ಇಷ್ಟನ್ನು ನಾಲ್ಕು ಸಾಲಿನಲ್ಲಿ ಓದಿ ಮಕ್ಕಳು ಮುಂದೆ ಹೋಗಿಬಿಡುತ್ತಾರೆ. 2007ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ತಯಾರಾದ 'ದಿ ರಿಡಿಸ್ಟ್ರಿಕ್ಟಿಂಗ್ ಗೇಮ್' ಎಂಬ ಕಂಪ್ಯೂಟರ್ ಆಟ ಆ ಪೆನ್ಸಿಲನ್ನೇ ಮಕ್ಕಳ ಕೈಗೆ ಕೊಟ್ಟಿತು. ಆಡುವವರೇ ಗೆರೆ ಎಳೆಯಬೇಕಿತ್ತು. ಆಮೇಲೆ ಆ ನಕ್ಷೆಗೆ ಶಾಸಕರ ಒಪ್ಪಿಗೆಯೂ ಬೇಕಿತ್ತು. ಅನ್ಯಾಯ ಹೇಗೆ ನಡೆಯುತ್ತದೆ ಅಂತ ಕೇಳಿ ತಿಳಿಯುವುದೇ ಬೇರೆ, ನನ್ನ ಬೆರಳಿನಿಂದಲೇ ಅದು ಎಷ್ಟು ಸಲೀಸಾಗಿ ಆಗಿಹೋಯಿತು ಅಂತ ಕಾಣುವುದೇ ಬೇರೆ. ಇಂಥ ಆಟ ತರಗತಿಗೆ ಬರಬೇಕು ಅಂತ ನಾನು ಗಟ್ಟಿಯಾಗಿ ಹೇಳುವುದು ಅದಕ್ಕೇ.

ಇದಕ್ಕಿಂತ ಜಾಸ್ತಿ ಜನ ಬಲ್ಲ ಇನ್ನೊಂದು ಹೆಸರು ಐಸಿವಿಕ್ಸ್. ಅಮೆರಿಕದ ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿ ಸಾಂಡ್ರಾ ಡೇ ಓ'ಕಾನರ್ ನಿವೃತ್ತರಾದ ಮೇಲೆ, 2009ರಲ್ಲಿ ಕಟ್ಟಿದ ಸಂಸ್ಥೆ ಅದು. ಅದರ 'ವಿನ್ ದಿ ವೈಟ್ ಹೌಸ್' ಆಟದಲ್ಲಿ ವಿದ್ಯಾರ್ಥಿಯೇ ಅಧ್ಯಕ್ಷ ಸ್ಥಾನಕ್ಕೆ ನಿಲ್ಲುತ್ತಾನೆ. ಹಣ ಎತ್ತಬೇಕು, ಜಾಹೀರಾತು ಕೊಡಬೇಕು, ರಾಜ್ಯ ರಾಜ್ಯ ಸುತ್ತಬೇಕು. ಅಲ್ಲಿ ಅಧ್ಯಕ್ಷರನ್ನು ಆರಿಸಲು ಒಂದೊಂದು ರಾಜ್ಯಕ್ಕೂ ಇಂತಿಷ್ಟು ಅಂತ ಎಲೆಕ್ಟೋರಲ್ ಮತ ಇರುತ್ತದೆ. ಒಟ್ಟು 538ರಲ್ಲಿ ಗೆಲ್ಲಲು 270 ಬೇಕು. ಹೆಚ್ಚು ಕಡಿಮೆ ಎಲ್ಲ ರಾಜ್ಯಗಳಲ್ಲೂ ಜನರ ಒಂದು ಮತ ಜಾಸ್ತಿ ಬಂದವರಿಗೆ ಆ ರಾಜ್ಯದ ಅಷ್ಟೂ ಎಲೆಕ್ಟೋರಲ್ ಮತ ಹೋಗುತ್ತದೆ. ಹಾಗಾಗಿ ತನ್ನನ್ನು ಇಷ್ಟಪಡುವ ರಾಜ್ಯಕ್ಕೇ ಮತ್ತೆ ಮತ್ತೆ ಹೋಗುವ ಹುಡುಗ ಸೋಲುತ್ತಾನೆ. 2000ನೇ ಇಸವಿಯಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಅಲ್ ಗೋರ್ ಇಡೀ ದೇಶದಲ್ಲಿ 5 ಲಕ್ಷಕ್ಕೂ ಹೆಚ್ಚು ಮತ ಮುಂದಿದ್ದರೂ, ಫ್ಲಾರಿಡಾದಲ್ಲಿ 537 ಮತದಿಂದ ಹಿಂದೆ ಬಿದ್ದು ಸೋತದ್ದು ಯಾಕೆ ಅಂತ ಅವನಿಗೆ ಆಗ ಥಟ್ಟನೆ ಅರ್ಥವಾಗುತ್ತದೆ.

ಆದರೆ ಒಂದು ಎಚ್ಚರ ಬೇಕು. ಆಟದಲ್ಲಿ ಮತದಾರ ಬರೀ ಒಂದು ಅಂಕಿ. ಒಂದು ಬಟನ್ ಒತ್ತಿದರೆ ಹಣ ಬರುತ್ತದೆ. ಕೊಟ್ಟವರು ಯಾರು, ಪ್ರತಿಯಾಗಿ ಏನು ಕೇಳುತ್ತಾರೆ ಅನ್ನುವ ಮಾತು ಅಷ್ಟಾಗಿ ಬರುವುದಿಲ್ಲ. ಸುಮ್ನೆ ಆಡಿಸಿ ಬಿಟ್ಟರೆ, ಚುನಾವಣೆ ಅಂದರೆ ಅಂಕ ಗಳಿಸುವ ಜಾಣತನ ಅಂತ ಮಕ್ಕಳು ತಿಳಿದುಕೊಂಡಾರು. ಆದ್ದರಿಂದ ಅರ್ಧ ಪೀರಿಯಡ್ ಆಟಕ್ಕೆ ಕೊಟ್ಟರೆ ಉಳಿದರ್ಧ ಮಾತಿಗೆ ಇರಲಿ. ಗೆದ್ದವರನ್ನು ಮೊದಲು ಕೇಳಬೇಡಿ, ಸೋತವರನ್ನು ಕೇಳಿ. ಎಲ್ಲಿ ಎಡವಿದೆ? ಗೆಲ್ಲುವುದಕ್ಕೋಸ್ಕರ ನಿನಗೇ ಒಪ್ಪಿಗೆಯಿಲ್ಲದ ಮಾತು ಆಡಿದೆಯಾ? ಈ ಆಟದ ನಿಯಮ ಬರೆದವರು ಏನು ಬಿಟ್ಟಿದ್ದಾರೆ?

ಇನ್ನೊಂದು ಕೆಲಸ ಮಾಡಿ. ಎರಡನೇ ಸಲ ಆಡುವಾಗ ಪಕ್ಷ ಅದಲುಬದಲು ಮಾಡಿಸಿ. ಮೊದಲು ಕೆಂಪಿಗಾಗಿ ಗೆರೆ ಎಳೆದವಳು ಈಗ ನೀಲಿಗಾಗಿ ಎಳೆಯಲಿ. ಮೂರನೇ ಸಲ, ತಾನು ಯಾವ ಪಕ್ಷ ಅಂತ ಅವಳಿಗೆ ಹೇಳಲೇಬೇಡಿ. ಗೆರೆ ಎಳೆದು ಮುಗಿದ ಮೇಲೆ ಚೀಟಿ ಎತ್ತಿ ತಿಳಿಸಿ. ಆಗ ಅವಳು ಆ ಹದಿನೈದು ಚುಕ್ಕಿಗಳ ಮುಂದೆ ಎಷ್ಟು ಹೊತ್ತು ಯೋಚಿಸುತ್ತಾಳೆ ಅಂತ ಪಕ್ಕದಲ್ಲೇ ನಿಂತು ನೋಡಿ.

ನಮಸ್ಕಾರ.