ನಿನ್ನ ಷಡ್ಜ ಎಲ್ಲಿ ಕೂತಿದೆ?

ಕೇಳುಗರಿಗೆ ನಮಸ್ಕಾರ. ಗಿಟಾರನ್ನು ತೊಡೆಯ ಮೇಲೆ ಇಟ್ಟುಕೊಂಡೇ ಮಾತನಾಡುತ್ತಿದ್ದೇನೆ. ನಡುನಡುವೆ ಮೀಟುತ್ತೇನೆ. ದೊಡ್ಡ ವಾದಕನೆಂದು ತಿಳಿಯಬೇಡಿ. ನಲವತ್ತು ದಾಟಿದ ಮೇಲೆ ಕಾರವಾರದಿಂದ ಮಡಗಾಂವಿಗೆ ರೈಲಿನಲ್ಲಿ ಹೋಗಿ ಇದನ್ನು ಕೊಂಡು ತಂದವನು ನಾನು.

ಮೊದಲ ವರ್ಷ ನಾಲ್ಕೈದು ಕಾರ್ಡ್ ಕಲಿತೆ. ಅಂಚೆ ಕಾರ್ಡ್ ಅಲ್ಲ, ಮೂರು ಸ್ವರಗಳು ಒಟ್ಟಿಗೆ ಮೊಳಗುವ ಕಟ್ಟು. ಬೆರಳ ತುದಿ ಜಡ್ಡುಗಟ್ಟಿತು. ಅಷ್ಟಕ್ಕೇ ಧೈರ್ಯ ಬಂದು, ಚೌತಿಗೆ ಶಿರಸಿಯ ಅಕ್ಕನ ಮನೆಗೆ ಗಿಟಾರ್ ಹೊತ್ತುಕೊಂಡು ಹೋದೆ. ಅಕ್ಕನ ಮಗಳು ಭಜನೆ ಎತ್ತಿಕೊಂಡಳು, ನಾನು ಸಿ ಕಾರ್ಡ್ ಹಿಡಿದೆ. ಅವಳ ದನಿ ಒಂದು ದಿಕ್ಕು, ನನ್ನ ತಂತಿ ಇನ್ನೊಂದು ದಿಕ್ಕು. ಜೋರಾಗಿ ಬಾರಿಸಿದರೆ ಸರಿಹೋದೀತೆಂದು ಜೋರಾಗಿಯೇ ಬಾರಿಸಿದೆ. ಹಾರ್ಮೋನಿಯಂಗೆ ಕುಳಿತಿದ್ದ ಹಿರಿಯರು ತಿದಿ ನಿಲ್ಲಿಸಿ ಕೇಳಿದರು: "ತಮ್ಮಾ, ಅವಳು ಹಾಡುತ್ತಿರುವುದು ಕಪ್ಪು ನಾಲ್ಕರಲ್ಲಿ. ನಿನ್ನ ಷಡ್ಜ ಎಲ್ಲಿ ಕೂತಿದೆ?"

ಕಪ್ಪು ನಾಲ್ಕೆಂದರೆ ಹಾರ್ಮೋನಿಯಂನ ನಾಲ್ಕನೆಯ ಕಪ್ಪು ಮನೆ. ಷಡ್ಜವೆಂದರೆ ಸ, ಹಾಡು ನೆಲೆ ನಿಲ್ಲುವ ಸ್ವರ. ಅದು ಎಲ್ಲಿ ಕೂತಿದೆ ಎಂಬುದಕ್ಕೆ ನನಗೆ ಉತ್ತರ ಗೊತ್ತಿರಲಿಲ್ಲ. ಗಿಟಾರಿನವರು ಕೀ ಎನ್ನುವುದು ಇದನ್ನೇ ಎಂದು ಹೊಳೆಯಲು ಇನ್ನೂ ಆರು ತಿಂಗಳು ಹಿಡಿಯಿತು.

ಈಗ ಕೇಳಿ. ಇದು ಗಿಟಾರಿನ ಮೂರನೆಯ ತಂತಿ, ಹೆಸರು ಜಿ. ಏನೂ ಒತ್ತದೆ ಮೀಟುತ್ತೇನೆ. ಇದೇ ಸ ಎಂದಿಟ್ಟುಕೊಳ್ಳಿ. ಕತ್ತಿನ ಮೇಲೆ ಅಡ್ಡಲಾಗಿರುವ ಪಟ್ಟಿಗಳೇ ಫ್ರೆಟ್, ವೀಣೆಯವರ ಮಾತಿನಲ್ಲಿ ಮೆಟ್ಟಿಲು. ಎರಡನೆಯದನ್ನು ಒತ್ತಿದರೆ ರಿ, ನಾಲ್ಕರಲ್ಲಿ ಗ, ಐದರಲ್ಲಿ ಮ, ಏಳರಲ್ಲಿ ಪ, ಒಂಬತ್ತರಲ್ಲಿ ಧ, ಹನ್ನೊಂದರಲ್ಲಿ ನಿ. ಹನ್ನೆರಡರಲ್ಲಿ ಮೇಲಿನ ಸ. ತಂತಿ ಸರಿಯಾಗಿ ಅರ್ಧವಾಗುವ ಜಾಗ ಅದು.

(ಗಿಟಾರ್: ಮೂರನೆಯ ತಂತಿಯಲ್ಲಿ ಏಳು ಸ್ವರ, ಮೇಲಿನ ಷಡ್ಜ)

ಪಾಶ್ಚಾತ್ಯರು ಇದನ್ನು ಮೇಜರ್ ಸ್ಕೇಲ್ ಎನ್ನುತ್ತಾರೆ. ಹಿಂದೂಸ್ತಾನಿಯವರಿಗೆ ಇದು ಬಿಲಾವಲ್ ಥಾಟ್, ಕರ್ನಾಟಕ ಸಂಗೀತದವರಿಗೆ ಶಂಕರಾಭರಣ ಮೇಳ. ಥಾಟ್, ಮೇಳ ಎಂದರೆ ರಾಗಗಳಿಗೆ ಆಧಾರವಾದ ಸ್ವರಗಳ ಸಾಲು. ಅಂತರ ಗಮನಿಸಿ: ಎರಡು, ಎರಡು, ಒಂದು, ಎರಡು, ಎರಡು, ಎರಡು, ಒಂದು. ಗ ಮತ್ತು ಮ ನಡುವೆ, ನಿ ಮತ್ತು ಸ ನಡುವೆ ಮಾತ್ರ ಒಂದೇ ಮೆಟ್ಟಿಲು. ನಾನು ಜಾರಿಬಿದ್ದದ್ದೆಲ್ಲ ಈ ಎರಡು ಕಡೆಗಳಲ್ಲೇ.

ಇದೇ ಅಂತರವನ್ನು ಐದನೆಯ ತಂತಿಯಲ್ಲಿ, ಅಂದರೆ ಎ ತಂತಿಯಲ್ಲಿ ನುಡಿಸಿದರೆ ಎ ಮೇಜರ್ ಆಯಿತು. ರಂಗೋಲಿಯ ಅಚ್ಚು ಅದೇ, ಅಂಗಳದಲ್ಲಿ ಒತ್ತಿದ ಜಾಗ ಬೇರೆ. ಅಚ್ಚು ಸ್ಕೇಲ್, ಜಾಗ ಕೀ.

ಒಂದು ತೊಡಕು ಮಾತ್ರ ಹೇಳಲೇಬೇಕು. ಜಿ ಮೇಜರಿನ ಅವೇ ಏಳು ಸ್ವರಗಳನ್ನು ಇ ಇಂದ ಹೊರಟು ಇ ಗೇ ಬಂದು ನಿಲ್ಲಿಸಿ ನೋಡಿ. ಒಂದು ಸ್ವರವೂ ಬದಲಾಗಿಲ್ಲ, ಆದರೆ ಮನೆಯಲ್ಲಿ ಯಾರೋ ಊರಿಗೆ ಹೊರಟುಹೋದಂತೆ ಕೇಳುತ್ತದೆ. ಇದು ಇ ಮೈನರ್, ನಮ್ಮ ಲೆಕ್ಕದಲ್ಲಿ ಆಸಾವರಿ ಥಾಟಿನ ಸ್ವರಗಳು. ಹಾಗೆಂದು ಸ್ಕೇಲೇ ರಾಗ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಭೂಪ್ ಮತ್ತು ದೇಶ್ಕಾರ್ ಎಂಬ ಎರಡು ರಾಗಗಳಿಗೂ ಅವೇ ಐದು ಸ್ವರ, ಆದರೂ ಬಲ್ಲವರು ಅವನ್ನು ಬೆರೆಸುವುದಿಲ್ಲ.

ಇನ್ನೊಂದು ಮಾತು, ಈ ಮೈಕಿನ ಮುಂದೆ ಕುಳಿತು ಹೇಳಲು ಸ್ವಲ್ಪ ಮುಜುಗರವೇ. ಹಾರ್ಮೋನಿಯಂ ಅನ್ನು ಇದೇ ಆಕಾಶವಾಣಿ 1940ರಿಂದ 1971ರವರೆಗೆ ದೂರವಿಟ್ಟಿತ್ತು. ಅದರಲ್ಲಿ ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವುದು, ಬರುವುದಿಲ್ಲ, ಹನ್ನೆರಡು ಸ್ವರಗಳನ್ನು ಸಮಪಾಲು ಮಾಡಿಟ್ಟಿದ್ದಾರೆ ಎಂಬ ಆಕ್ಷೇಪಗಳಿದ್ದವು. ಸಮಪಾಲಿನ ದೋಷ ಗಿಟಾರಿಗೂ ಇದೆ. ಇದರ ಗಾಂಧಾರ, ಅಂದರೆ ಗ, ತಂಬೂರಿಯಲ್ಲಿ ತಾನಾಗಿ ಹುಟ್ಟುವ ಗಾಂಧಾರಕ್ಕಿಂತ ಕೂದಲೆಳೆಯಷ್ಟು ಮೇಲೆ. ತಂತಿಯನ್ನು ಎಳೆದು ಜಾರಿಸಬಹುದು ಎನ್ನುವುದಷ್ಟೇ ನಮ್ಮ ಪುಣ್ಯ.

ಮತ್ತೆ ಶಿರಸಿಗೆ ಬರೋಣ. ಹಾರ್ಮೋನಿಯಂನಲ್ಲಿ ಬಿಳಿ ಒಂದು ಎಂದರೆ ಸಿ. ಅಲ್ಲಿಂದ ಎಣಿಸಿದರೆ ಕಪ್ಪು ನಾಲ್ಕು ಎಂದರೆ ಜಿ ಶಾರ್ಪ್, ಜಿ ಗಿಂತ ಒಂದು ಮೆಟ್ಟಿಲು ಮೇಲೆ. ನಾನು ಸಿ ಯಲ್ಲಿ ಕೂತಿದ್ದೆ, ಹುಡುಗಿ ಎಂಟು ಮೆಟ್ಟಿಲು ಆಚೆ ಇದ್ದಳು. ಜಿ ಶಾರ್ಪ್‌ನ ಕಾರ್ಡ್‌ಗಳನ್ನು ಹಿಡಿಯುವುದು ಹೊಸಬರಿಗೆ ಬಲು ಕಷ್ಟ. ತೋರುಬೆರಳು ಆರೂ ತಂತಿಗಳನ್ನು ಅದುಮಬೇಕು. ಅದಕ್ಕೆ ಕ್ಯಾಪೊ ಎಂಬ ಚಿಕ್ಕ ಚಿಮಟ ಇದೆ. ಮೊದಲನೆಯ ಫ್ರೆಟ್‌ಗೆ ಅದನ್ನು ಕಚ್ಚಿಸಿದರೆ ಆರೂ ತಂತಿಗಳು ಒಂದು ಮೆಟ್ಟಿಲು ಏರುತ್ತವೆ. ಬೆರಳು ಹಿಡಿಯುವುದು ಸುಲಭದ ಜಿ, ಸಿ, ಡಿ. ಕಿವಿಗೆ ಬೀಳುವುದು ಕಪ್ಪು ನಾಲ್ಕು. ಆ ಮೂರೇ ಏಕೆಂದರೆ, ಜಿ ಯನ್ನು ಸ ಎಂದುಕೊಂಡರೆ ಸಿ ಮಧ್ಯಮ, ಡಿ ಪಂಚಮ. ಭಜನೆಯಂಥ ಸರಳ ಧಾಟಿಗೆ ಬಹುಮಟ್ಟಿಗೆ ಅಷ್ಟೇ ಸಾಕು.

ಮರುವರ್ಷದ ಚೌತಿಗೆ ಕ್ಯಾಪೊ ಜೇಬಿನಲ್ಲಿಟ್ಟುಕೊಂಡೇ ಘಟ್ಟ ಹತ್ತಿದೆ. ಹೊರಡುವ ಮೊದಲು ಫೋನ್ ಮಾಡಿ, "ಕಪ್ಪು ನಾಲ್ಕೇ ತಾನೆ?" ಎಂದು ಖಚಿತಪಡಿಸಿಕೊಂಡಿದ್ದೆ. ಪೂಜೆ ಮುಗಿದು ಹಾಡಲು ಕುಳಿತಾಗ ಹುಡುಗಿ ಕೆಮ್ಮಿ, "ಮಾವಾ, ಗಂಟಲು ಕಟ್ಟಿದೆ, ಕಪ್ಪು ಮೂರರಲ್ಲಿ ಹಾಡುತ್ತೇನೆ" ಎಂದಳು. ಹಾರ್ಮೋನಿಯಂ ಹಿರಿಯರು ನನ್ನ ಕಡೆ ತಿರುಗಿದರು. ನಾನು ಬೆರಳು ಮಡಚಿ ಎಣಿಸಿ, ಕ್ಯಾಪೊವನ್ನು ನಾಲ್ಕನೆಯ ಫ್ರೆಟ್‌ಗೆ ಸರಿಸಿ, ಡಿ ಕಾರ್ಡ್ ಹಿಡಿದೆ.

(ಗಿಟಾರ್: ಡಿ, ಜಿ, ಎ, ಮತ್ತೆ ಡಿ)